ಡಾಂಟ್‌ಲೆಸ್ ಡೈವ್ ಬಾಂಬರ್ ಮಾಡೆಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆಯ ಷೋಕೇಸಿನಲ್ಲಿ ಟೀ ಸೆಟ್ ಇರಬೇಕಾದ ಜಾಗದಲ್ಲಿ ಒಂದು ವಿಮಾನ ನಿಂತಿದೆ. ಮೇಲೆ ನೀಲಿ ಬೂದು, ಕೆಳಗೆ ತಿಳಿ ಬೂದು, ರೆಕ್ಕೆಯ ಹಿಂಬದಿಯಲ್ಲಿ ತೂತುಗಳು. ಮನೆಗೆ ಬಂದವರು ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಈ ಹವ್ಯಾಸಕ್ಕೆ ಹೊಸದಾಗಿ ಇಳಿದವರೂ ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟರೆ ನನಗೂ ಸಲೀಸು, ನಿಮಗೂ ಸಲೀಸು.

ಇದು ಯಾವ ವಿಮಾನ?

ಎರಡನೇ ಮಹಾಯುದ್ಧದ ಕಾಲದ, ಅಮೆರಿಕದ ನೌಕಾಪಡೆಯ ಡಗ್ಲಾಸ್ ಎಸ್‌ಬಿಡಿ ಡಾಂಟ್‌ಲೆಸ್. ಎಸ್ ಅಂದರೆ ಸ್ಕೌಟ್, ಬಿ ಅಂದರೆ ಬಾಂಬರ್, ಡಿ ಅಂದರೆ ಡಗ್ಲಾಸ್ ಕಂಪನಿ. ಶತ್ರು ಹಡಗು ಎಲ್ಲಿದೆ ಎಂದು ಹುಡುಕುವುದೂ ಇದರ ಕೆಲಸ, ಸಿಕ್ಕಮೇಲೆ ಹೊಡೆಯುವುದೂ ಇದರ ಕೆಲಸ. ನಾರ್ತ್‌ರಾಪ್ ಕಂಪನಿಯ ಬಿಟಿ-1 ಎಂಬ ಹಳೆಯ ವಿಮಾನವನ್ನು ತಿದ್ದಿ ತೀಡಿ ಎಡ್ ಹೈನ್‌ಮನ್ ಮತ್ತು ಅವರ ತಂಡ ಕ್ಯಾಲಿಫೋರ್ನಿಯಾದ ಎಲ್ ಸೆಗುಂಡೊದಲ್ಲಿ ಇದನ್ನು ರೂಪಿಸಿತು. 1940ರಿಂದ 1944ರವರೆಗೆ ಒಟ್ಟು 5,936 ವಿಮಾನಗಳು ತಯಾರಾದವು.

ಹಾರಿಸುವವರು ಎಸ್‌ಬಿಡಿ ಎಂಬ ಮೂರಕ್ಷರವನ್ನೇ ತಿರುಗಿಸಿ ‘ಸ್ಲೋ ಬಟ್ ಡೆಡ್ಲಿ’ ಎಂದು ಅಡ್ಡಹೆಸರು ಇಟ್ಟಿದ್ದರು. ನಿಧಾನ, ಆದರೆ ಪ್ರಾಣ ತೆಗೆಯುತ್ತೆ ಅಂತ.

ಡೈವ್ ಬಾಂಬರ್‌ಗೂ ಮಾಮೂಲಿ ಬಾಂಬರ್‌ಗೂ ಏನು ವ್ಯತ್ಯಾಸ?

ಮಾಮೂಲಿ ಬಾಂಬರ್ ಮಟ್ಟವಾಗಿ ಹಾರುತ್ತಾ ಎತ್ತರದಿಂದ ಬಾಂಬು ಸುರಿಸುತ್ತದೆ. ಊರೋ ಕಾರ್ಖಾನೆಯೋ ಆದರೆ ಅದು ನಡೆಯುತ್ತದೆ. ಸಮುದ್ರದಲ್ಲಿ ಹಡಗು ಅತ್ತಿತ್ತ ತಿರುಗುತ್ತಾ ಓಡುತ್ತಿರುತ್ತದೆ. ಮೇಲಿಂದ ಬಿಟ್ಟ ಬಾಂಬು ಕೆಳಗೆ ತಲುಪುವಷ್ಟರಲ್ಲಿ ಅದು ಅಲ್ಲಿರುವುದಿಲ್ಲ.

ಹಾಗಾಗಿ ಡೈವ್ ಬಾಂಬರ್ ಹಡಗಿನ ಮೇಲೇ ಮೂಗು ಮಾಡಿ ಗಿಡುಗನ ಹಾಗೆ ಎರಗುತ್ತದೆ. ಡಾಂಟ್‌ಲೆಸ್ ಸುಮಾರು 70 ಡಿಗ್ರಿ ಕೋನದಲ್ಲಿ ಇಳಿಯುತ್ತಿತ್ತು. ಒಳಗೆ ಕೂತವನಿಗೆ ಅದು ನೆಟ್ಟಗೆ ಬಾವಿಗೆ ಬಿದ್ದ ಹಾಗೇ. ಸಮುದ್ರಕ್ಕೆ ಇನ್ನು 1,500–2,000 ಅಡಿ ಇದೆ ಅನ್ನುವಾಗ ಬಾಂಬು ಬಿಟ್ಟು ಮೂಗು ಮೇಲೆತ್ತಬೇಕು. ಇಡೀ ಹೊತ್ತು ಹಿಂದಿನ ಸೀಟಿನವನು ಬಾಲದ ಕಡೆ ಮುಖ ಮಾಡಿ, ಮೆಷಿನ್ ಗನ್ ಹಿಡಿದು ಕೂತಿರುತ್ತಾನೆ. ಎಲ್ಲಿಗೆ ಬೀಳುತ್ತಿದ್ದೇವೆ ಅಂತ ಅವನಿಗೆ ಕಾಣುವುದೇ ಇಲ್ಲ. ಮಾಡೆಲ್ ಕೈಗೆತ್ತಿಕೊಂಡಾಗಲೆಲ್ಲ ನನ್ನ ಕಣ್ಣು ಮೊದಲು ಆ ಹಿಂದಿನ ಸೀಟಿಗೇ ಹೋಗುತ್ತದೆ.

ರೆಕ್ಕೆಯಲ್ಲಿ ಅಷ್ಟೊಂದು ತೂತು ಯಾಕೆ? ಗುಂಡು ತಗುಲಿದ್ದಾ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಅಲ್ಲ, ಬೇಕಂತಲೇ ಮಾಡಿದ ತೂತುಗಳು. ಅವು ಡೈವ್ ಬ್ರೇಕುಗಳು.

ಅಷ್ಟು ಕಡಿದಾಗಿ ಇಳಿದರೆ ವೇಗ ವಿಪರೀತ ಏರುತ್ತದೆ. ಗುರಿ ಹಿಡಿಯಲು ಸಮಯ ಸಿಗುವುದಿಲ್ಲ, ಮೇಲೆತ್ತುವಾಗ ರೆಕ್ಕೆಗೂ ಅಪಾಯ. ಅದಕ್ಕೇ ರೆಕ್ಕೆಯ ಹಿಂಬದಿ ಎರಡು ಹಲಗೆಗಳಾಗಿ ಬಾಯಿ ಬಿಟ್ಟು ಗಾಳಿಯನ್ನು ತಡೆಯುತ್ತದೆ. ಆದರೆ ಗಟ್ಟಿ ಹಲಗೆ ಇಟ್ಟಾಗ ಅದರ ಹಿಂದೆ ಗಾಳಿ ಸುಳಿ ಸುತ್ತಿ ಬಾಲ ಗಡಗಡ ನಡುಗತೊಡಗಿತು. ತೂತು ಕೊರೆದ ಮೇಲೆ ಆ ನಡುಕ ತಗ್ಗಿತು. ಬೂಂದಿ ಕರಿಯುವ ತೂತಿನ ಸೌಟು ನೋಡಿದ್ದೀರಲ್ಲ, ಥೇಟ್ ಹಾಗೇ ಕಾಣುತ್ತದೆ.

ಮಾಡೆಲ್ ಒಳ್ಳೆಯದೋ ಸಾಧಾರಣವೋ ಎಂದು ತಿಳಿಯಲು ಇದೇ ಸುಲಭದ ಪರೀಕ್ಷೆ. ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿ. ತೂತಿನಿಂದ ಬೆಳಕು ಈಚೆಗೆ ಬಂದರೆ ನಿಜವಾಗಿ ಕೊರೆದಿದ್ದಾರೆ. ಬರೀ ಗುಳಿ ಮಾಡಿ ಕಪ್ಪು ಬಣ್ಣ ತುಂಬಿದ್ದರೆ ದುಡ್ಡು ಕೊಡುವ ಮೊದಲು ಯೋಚಿಸಿ. ನನ್ನ ಬಳಿ ಇರುವುದನ್ನು ಸಂಜೆ ಹೊತ್ತು ಕಿಟಕಿಯ ಹತ್ತಿರ ಇಟ್ಟರೆ ಗೋಡೆ ಮೇಲೆ ಸಾಲು ಸಾಲು ಚುಕ್ಕಿ ಬೀಳುತ್ತದೆ, ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ.

ಇನ್ನೊಂದು ಸೂಕ್ಷ್ಮ. ಡೈವ್ ಮಾಡುವಾಗ ಮೇಲಿನ ಹಲಗೆ, ಕೆಳಗಿನ ಹಲಗೆ ಎರಡೂ ತೆರೆಯುತ್ತವೆ. ಹಡಗಿನ ಮೇಲೆ ಬಂದು ಇಳಿಯುವಾಗ ಕೆಳಗಿನದು ಮಾತ್ರ. ಚಕ್ರ ಊರಿ ನಿಂತ ಮಾಡೆಲ್‌ನಲ್ಲಿ ಎರಡೂ ಬಾಯಿ ಬಿಟ್ಟಿದ್ದರೆ ಅದು ಅಂದಕ್ಕೆ ಮಾಡಿದ್ದು ಅಷ್ಟೇ. ಹಾರಾಟದ ಲೆಕ್ಕದಲ್ಲಿ ಸರಿಯಲ್ಲ. ಹಾಗಂತ ತಪ್ಪು ಅಂತಲೂ ನಾನು ಹೇಳಲ್ಲ, ನನ್ನದೂ ಹಾಗೇ ನಿಂತಿದೆ. ಆ ತೂತುಗಳನ್ನು ಮುಚ್ಚಿಡಲು ಮನಸ್ಸು ಬರಬೇಕಲ್ಲ.

ಕೊಳ್ಳುವ ಮೊದಲು ಏನು ಕೇಳಬೇಕು?

ಒಂದೇ ಪ್ರಶ್ನೆ. ಇದು ಯಾವ ದಿನದ ವಿಮಾನ?

ಬರೀ ‘ಡಾಂಟ್‌ಲೆಸ್’ ಅಂತ ಒಂದು ವಿಮಾನ ಯಾವತ್ತೂ ಇರಲಿಲ್ಲ. ಇಂಥ ಹಡಗಿನ, ಇಂಥ ದಳದ, ಇಂಥ ದಿನದ ಡಾಂಟ್‌ಲೆಸ್ ಇತ್ತು. ದಿನ ಗೊತ್ತಾದರೆ ಬಣ್ಣ, ನಕ್ಷತ್ರ, ಬಾಂಬು, ಹಿಂದಿನ ಗನ್ನು ಎಲ್ಲ ತಾನಾಗಿ ತೀರ್ಮಾನವಾಗುತ್ತದೆ.

ಹೆಚ್ಚು ಮಾಡೆಲ್‌ಗಳು ತೋರಿಸುವುದು 1942ರ ಜೂನ್ 4ರ ವಿಮಾನವನ್ನು. ಅಂದು ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಹತ್ತಿರ ಎಂಟರ್‌ಪ್ರೈಸ್ ಮತ್ತು ಯಾರ್ಕ್‌ಟೌನ್ ಎಂಬ ಅಮೆರಿಕದ ವಿಮಾನವಾಹಕ ಹಡಗುಗಳಿಂದ ಹೊರಟ ಡಾಂಟ್‌ಲೆಸ್‌ಗಳು ಬೆಳಗ್ಗೆ ಹತ್ತೂವರೆಯ ಒಳಗೆ, ಕೆಲವೇ ನಿಮಿಷಗಳಲ್ಲಿ, ಅಕಾಗಿ, ಕಾಗಾ, ಸೋರ್ಯು ಎಂಬ ಮೂರು ಜಪಾನಿ ವಿಮಾನವಾಹಕಗಳಿಗೆ ಬೆಂಕಿ ಹಚ್ಚಿದವು. ನಾಲ್ಕನೆಯದಾದ ಹಿರ್ಯುವಿಗೆ ಸಂಜೆ ಪೆಟ್ಟು ಬಿತ್ತು. ಎಂಟರ್‌ಪ್ರೈಸ್‌ನ ತಂಡದ ನಾಯಕ ವೇಡ್ ಮೆಕ್‌ಕ್ಲಸ್ಕಿ, ತಮಗೆ ಹೇಳಿದ್ದ ಜಾಗಕ್ಕೆ ಹೋದಾಗ ಅಲ್ಲಿ ಬರೀ ನೀರು. ಇಂಧನ ಮುಗಿಯುತ್ತಾ ಬಂದಿದ್ದರೂ ಹುಡುಕುತ್ತಾ ಹೋದರು. ಒಂಟಿಯಾಗಿ ಓಡುತ್ತಿದ್ದ ಅರಾಶಿ ಎಂಬ ಜಪಾನಿ ಡೆಸ್ಟ್ರಾಯರ್ (ವೇಗದ ಸಣ್ಣ ಯುದ್ಧಹಡಗು) ಕಂಡಿತು. ಅದು ಹೋದ ದಿಕ್ಕು ಹಿಡಿದರು, ಇಡೀ ಪಡೆಯೇ ಎದುರಾಯಿತು.

ಈಗ ಮಾಡೆಲ್ ಕಡೆ ಬನ್ನಿ. ಅದೇ ದಿನ, ಅದೇ ಹಡಗು, ಆದರೂ ಎಲ್ಲ ವಿಮಾನದ ಹೊಟ್ಟೆಯ ಕೆಳಗೂ ಒಂದೇ ಥರದ ಬಾಂಬು ಇರಲಿಲ್ಲ. ಎಂಟರ್‌ಪ್ರೈಸ್‌ನ ಸ್ಕೌಟ್ ದಳ ಒಯ್ದಿದ್ದು 500 ಪೌಂಡಿನ ಒಂದು ಮತ್ತು ರೆಕ್ಕೆಯಡಿ 100 ಪೌಂಡಿನ ಎರಡು. ಡಿಕ್ ಬೆಸ್ಟ್ ನಾಯಕರಾಗಿದ್ದ ಬಾಂಬರ್ ದಳ ಒಯ್ದಿದ್ದು 1,000 ಪೌಂಡಿನದು. ಬೆಸ್ಟ್ ಬರೀ ಇಬ್ಬರು ಜೊತೆಗಾರರೊಂದಿಗೆ ಅಕಾಗಿ ಮೇಲೆ ಎರಗಿದರು. ತಾಗಿದ ಒಂದೇ ಬಾಂಬು ಆ ಹಡಗನ್ನು ಮುಗಿಸಿತು. ಅದೇ ದಿನ ಆಮ್ಲಜನಕದ ಸಲಕರಣೆಯಿಂದ ಕಾಸ್ಟಿಕ್ ಸೋಡಾದ ಹಬೆ ಎಳೆದುಕೊಂಡು ಅವರ ಎದೆ ಕೆಟ್ಟಿತು, ಕ್ಷಯ ಕಾಣಿಸಿಕೊಂಡಿತು. ಆ ಯುದ್ಧದ ನಂತರ ಅವರು ಮತ್ತೆ ಹಾರಲಿಲ್ಲ.

ಯಾರ್ಕ್‌ಟೌನ್ ದಳದ ನಾಯಕ ಮ್ಯಾಕ್ಸ್ ಲೆಸ್ಲಿಯ ಕಥೆ ಇನ್ನೂ ವಿಚಿತ್ರ. ದಾರಿಯಲ್ಲಿ ಬಾಂಬನ್ನು ಸಜ್ಜು ಮಾಡುವ ವಿದ್ಯುತ್ ಸ್ವಿಚ್ ಒತ್ತಿದರು. ಸ್ವಿಚ್ಚಿನ ದೋಷದಿಂದ ಬಾಂಬೇ ಕಳಚಿ ಸಮುದ್ರಕ್ಕೆ ಬಿತ್ತು. ದಳದಲ್ಲಿ ನಾಲ್ಕು ವಿಮಾನಗಳ ಬಾಂಬು ಹೀಗೇ ಹೋಯಿತು. ಲೆಸ್ಲಿ ಹಿಂದೆ ತಿರುಗಲಿಲ್ಲ. ಬಾಂಬಿಲ್ಲದ ವಿಮಾನದಲ್ಲೇ, ಗನ್ ಹಾರಿಸುತ್ತಾ, ಸೋರ್ಯು ಮೇಲಿನ ದಾಳಿಗೆ ಎಲ್ಲರಿಗಿಂತ ಮೊದಲು ಇಳಿದರು. ಲೆಸ್ಲಿಯ ವಿಮಾನ ಎಂದು ಹೇಳಿ ಹೊಟ್ಟೆಯಡಿ ಬಾಂಬು ನೇತುಹಾಕಿದ ಮಾಡೆಲ್ ಸಿಕ್ಕರೆ ಅದು ಹಡಗಿನಿಂದ ಹೊರಡುವ ಹೊತ್ತಿನದು. ಬಾಂಬು ಕಳಚಿಟ್ಟರೆ ಸೋರ್ಯು ಮೇಲಿನದು. ಒಂದೇ ಮಾಡೆಲ್‌ನಲ್ಲಿ ಎರಡು ಹೊತ್ತು!

ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇರಬೇಕಾ, ಬೇಡವಾ?

ದಿನ ನೋಡಿ ಹೇಳಬೇಕು. ಯುದ್ಧದ ಶುರುವಿನಲ್ಲಿ ಬಿಳಿ ನಕ್ಷತ್ರದ ನಡುವೆ ಕೆಂಪು ಚುಕ್ಕೆ ಇತ್ತು. ದೂರದಿಂದ ಅದು ಜಪಾನಿನ ಕೆಂಪು ಸೂರ್ಯನಂತೆ ಕಂಡು ತಮ್ಮವರೇ ತಮ್ಮವರಿಗೆ ಗುಂಡು ಹೊಡೆಯುವ ಅಪಾಯ ಇತ್ತು. 1942ರ ಮೇ ತಿಂಗಳಲ್ಲಿ ಅದನ್ನು ತೆಗೆದರು. ಬಾಲದ ಕೆಂಪು ಬಿಳಿ ಪಟ್ಟಿಗಳೂ ಹೋದವು. ನಕ್ಷತ್ರದ ಎರಡೂ ಕಡೆ ಬಿಳಿ ಪಟ್ಟಿ ಸೇರಿದ್ದು 1943ರ ಮಧ್ಯದಲ್ಲಿ.

ಹಾಗಾಗಿ ‘ಮಿಡ್‌ವೇ’ ಅಂತ ಬರೆದ ಡಬ್ಬಿಯಲ್ಲಿ ಕೆಂಪು ಚುಕ್ಕೆಯೂ ಇರಬಾರದು, ಪಕ್ಕದ ಪಟ್ಟಿಯೂ ಇರಬಾರದು. ನಾನು ಮೊದಲು ಕೊಂಡದ್ದರಲ್ಲಿ ಕೆಂಪು ಚುಕ್ಕೆ ಇತ್ತು. ಮಾರಿದವರಿಗೆ ಫೋನ್ ಮಾಡಿದರೆ, ‘ಸಾರ್, ಕೆಂಪು ಇದ್ರೆ ಚೆನ್ನಾಗಿ ಕಾಣುತ್ತೆ ಅಲ್ವಾ?’ ಅಂದರು. ಚೆನ್ನಾಗೇನೋ ಕಾಣುತ್ತಿತ್ತು. ಕೊನೆಗೆ ಸಣ್ಣ ಬ್ರಷ್ ಹಿಡಿದು, ಬಿಳಿ ಬಣ್ಣ ಹಚ್ಚಿ ನಾನೇ ಮುಚ್ಚಿದೆ. ಆಮೇಲೆ ಗೊತ್ತಾಯಿತು, 1942ರಲ್ಲಿ ಹಡಗಿನ ಮೇಲೆ ಮೆಕ್ಯಾನಿಕ್‌ಗಳು ಮಾಡಿದ್ದೂ ಇದನ್ನೇ.

ಡಬ್ಬಿ ಮೇಲೆ ಎಸ್‌ಬಿಡಿ-3, ಎಸ್‌ಬಿಡಿ-5 ಅಂತ ಇರುತ್ತದೆ. ನೋಡಿ ಗುರುತು ಹಿಡಿಯುವುದು ಹೇಗೆ?

ಪೈಲಟ್ ಮುಂದಿನ ಗಾಜು ನೋಡಿ. ಗಾಜು ತೂರಿಕೊಂಡು ಒಂದು ಕೊಳವೆ ಮುಂದಕ್ಕೆ ಚಾಚಿದ್ದರೆ 3 ಅಥವಾ ಅದರ ಆಸುಪಾಸಿನದು. ಅದು ದುರ್ಬೀನಿನ ಥರದ ಗುರಿ ಕೊಳವೆ. ತಣ್ಣಗಿನ ಎತ್ತರದಿಂದ ಸೆಕೆಯ ಗಾಳಿಗೆ ಸರ್ರನೆ ಇಳಿದಾಗ ಅದರ ಮೇಲೆ ಮಂಜು ಕಟ್ಟುತ್ತಿತ್ತು. ಸರಿಯಾಗಿ ಬೇಕಾದ ಹೊತ್ತಿಗೇ ಕುರುಡು. 5ರಲ್ಲಿ ಅದನ್ನು ತೆಗೆದು ಬೇರೆ ಥರದ ಗುರಿ ಗಾಜು ಹಾಕಿದರು.

ಎಂಜಿನ್ ಮುಚ್ಚಳದ ನೆತ್ತಿಯ ಮೇಲೆ ಗಾಳಿ ಒಳಗೆ ಹೋಗಲು ಒಂದು ಉಬ್ಬು ಇರುವುದೂ 3ರಲ್ಲಿ, 5ರಲ್ಲಿ ಅದಿಲ್ಲ. 3ರ ಎಂಜಿನ್ 1,000 ಕುದುರೆಶಕ್ತಿ, 5ರದ್ದು 1,200. ಎರಡೂ ರೈಟ್ ಸೈಕ್ಲೋನ್, ಒಂಬತ್ತು ಸಿಲಿಂಡರ್. ಮಿಡ್‌ವೇ ಬೇಕಾದರೆ 3 ಕೊಳ್ಳಿ.

ರೆಕ್ಕೆ ಮಡಚುತ್ತದೆಯೇ?

ಇಲ್ಲ. ಯಾರಾದರೂ ರೆಕ್ಕೆ ಮಡಚುವ ಡಾಂಟ್‌ಲೆಸ್ ಮಾರಲು ಬಂದರೆ ನಮಸ್ಕಾರ ಹೇಳಿ ಕಳಿಸಿ. ಹಡಗಿನ ಮೇಲೆ ಜಾಗ ಜಾಸ್ತಿ ತಿನ್ನುತ್ತಿತ್ತು ನಿಜ, ಆದರೆ ಮಡಚದ ರೆಕ್ಕೆ ಹಗುರ ಮತ್ತು ಗಟ್ಟಿ. ಆಮೇಲೆ ಬಂದ ಹೆಲ್‌ಡೈವರ್ ಎಂಬ ಡೈವ್ ಬಾಂಬರ್‌ಗೆ ಮಡಚುವ ರೆಕ್ಕೆ ಇತ್ತು.

ಹೊಟ್ಟೆಯ ಕೆಳಗೆ ಕವೆಗೋಲಿನಂಥದ್ದು ಏನದು?

ಬಾಂಬಿನ ಉಯ್ಯಾಲೆ. ವಿಮಾನ ಮೂಗು ಕೆಳಗೆ ಮಾಡಿ ಇಳಿಯುವಾಗ ಬಾಂಬನ್ನು ಸುಮ್ನೆ ಬಿಟ್ಟರೆ ಅದು ತನ್ನದೇ ಪ್ರೊಪೆಲ್ಲರ್‌ಗೆ ತಾಗಬಹುದು. ಈ ಕವೆ ಬಾಂಬನ್ನು ಹಿಡಿದು ಕೆಳಕ್ಕೆ ತೂಗಿ, ಪ್ರೊಪೆಲ್ಲರ್ ಸುತ್ತಿನಾಚೆ ಬಿಡುತ್ತದೆ. ಮಾನೋಗ್ರಾಮ್ ಕಂಪನಿಯ ಹಳೆಯ 1:48 (ಅಂದರೆ ನಿಜದ ಅಳತೆಯ 48ರಲ್ಲಿ ಒಂದು ಪಾಲು) ಕಿಟ್‌ನಲ್ಲಿ ಇದು ನಿಜವಾಗಿ ಆಡುತ್ತದೆ, ಬಾಂಬೂ ಬೀಳುತ್ತದೆ. ಮಕ್ಕಳಿಗಿಂತ ದೊಡ್ಡವರೇ ಅದರ ಜೊತೆ ಜಾಸ್ತಿ ಆಡುತ್ತಾರೆ.

ಯಾವ ಸ್ಕೇಲ್ ತಗೊಳ್ಳಲಿ?

ನಿಜವಾದ ವಿಮಾನದ ರೆಕ್ಕೆ ತುದಿಯಿಂದ ತುದಿಗೆ 12.66 ಮೀಟರ್, ಉದ್ದ ಸುಮಾರು 10 ಮೀಟರ್. 1:72ರಲ್ಲಿ ರೆಕ್ಕೆ 17.6 ಸೆಂ.ಮೀ. ಆಗುತ್ತದೆ, ಪುಸ್ತಕದ ಕಪಾಟಿನಲ್ಲಿ ಕೂರುತ್ತದೆ. 1:48ರಲ್ಲಿ 26 ಸೆಂ.ಮೀ. ದಾಟುತ್ತದೆ. 1:32ರಲ್ಲಿ ಹತ್ತಿರ ಹತ್ತಿರ 40. 1:18 ಅಂದರೆ 70 ಸೆಂ.ಮೀ., ಮನೆಯವರ ಒಪ್ಪಿಗೆ ಬೇಕು.

ನನ್ನ ಮತ 1:48ಕ್ಕೆ. ಬ್ರೇಕಿನ ತೂತು, ಗುರಿ ಕೊಳವೆ, ಹಿಂದಿನ ಗನ್ನು ಎಲ್ಲ ಬರಿಗಣ್ಣಿಗೆ ಕಾಣುವ ಮೊದಲ ಸ್ಕೇಲ್ ಅದು. ರೆಕ್ಕೆ ಮಡಚುವುದಿಲ್ಲ ಎಂದೆನಲ್ಲ, ಷೋಕೇಸಿನ ಆಳವನ್ನು ಟೇಪ್ ಹಿಡಿದು ಅಳೆದೇ ಆರ್ಡರ್ ಮಾಡಿ.

ಡೈಕಾಸ್ಟ್ ಒಳ್ಳೆಯದೋ, ಕಿಟ್ ಒಳ್ಳೆಯದೋ?

ಡೈಕಾಸ್ಟ್ ಎಂದರೆ ಸತುವಿನ ಮಿಶ್ರಲೋಹದಲ್ಲಿ ಎರಕ ಹೊಯ್ದು, ಬಣ್ಣ ಹಚ್ಚಿ ಸಿದ್ಧವಾಗಿ ಬರುವುದು. ಕೈಗೆ ಭಾರ ಸಿಗುತ್ತದೆ. ಆದರೆ ಭಾಗಗಳು ಕೂಡುವ ಕಡೆ ಗೆರೆ ದಪ್ಪ. ಕಿಟ್ ಎಂದರೆ ಪ್ಲಾಸ್ಟಿಕ್ ಚೌಕಟ್ಟಿನಿಂದ ಕತ್ತರಿಸಿ, ಅಂಟಿಸಿ, ಬಣ್ಣ ಬಳಿದು, ಡೆಕಾಲ್ (ನಕ್ಷತ್ರ, ನಂಬರುಗಳ ತೆಳು ಸ್ಟಿಕ್ಕರ್) ನೀರಿನಲ್ಲಿ ನೆನೆಸಿ ಕೂರಿಸುವುದು. ಎರಡು ಮೂರು ವಾರದ ಸಂಜೆಗಳು ಹೋಗುತ್ತವೆ. ಮರದ ಮಾಡೆಲ್‌ಗಳೂ ಸಿಗುತ್ತವೆ, ಫಿಲಿಪ್ಪೀನ್ಸ್‌ನಲ್ಲಿ ಮಹಾಗನಿಯಲ್ಲಿ ಕೆತ್ತಿದವು. ಮೇಜಿನ ಮೇಲೆ ಗಂಭೀರವಾಗಿ ಕಾಣುತ್ತವೆ, ಆದರೆ ನಮ್ಮ ತೂತಿನ ಪರೀಕ್ಷೆ ಪಾಸಾಗುವುದಿಲ್ಲ.

ಕಿಟ್ ಮಾಡುವ ಮನಸ್ಸಿದ್ದರೆ 1:48ರಲ್ಲಿ ಆ್ಯಕ್ಯುರೇಟ್ ಮಿನಿಯೇಚರ್ಸ್ ಮಾಡಿದ ಅಚ್ಚು ಚೆನ್ನಾಗಿದೆ. ಅದೇ ಅಚ್ಚು ಬೇರೆ ಬೇರೆ ಕಾಲದಲ್ಲಿ ಅಕಾಡೆಮಿ, ರೆವೆಲ್, ಇಟಾಲೆರಿ, ಎಡುವರ್ಡ್ ಡಬ್ಬಿಗಳಲ್ಲೂ ಬಂದಿದೆ. ಡಬ್ಬಿಯ ಚಿತ್ರ ಬೇರೆ ಇದೆ ಅಂತ ಎರಡೆರಡು ಕೊಂಡುಬಿಟ್ಟೀರಿ ಜೋಕೆ. ನಾನು ಕೊಂಡಿದ್ದೇನೆ.

ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಬೀಳುತ್ತದೆಯೇ?

ಬೀಳುತ್ತದೆ. ಸ್ಕೇಲ್ ಮಾಡೆಲ್‌ಗಳೂ ಆಟಿಕೆಗಳ ಪಟ್ಟಿಯಲ್ಲೇ ಬರುತ್ತವೆ. ಆಟಿಕೆಗಳ ಸುಂಕವನ್ನು 2020ರ ಬಜೆಟ್‌ನಲ್ಲಿ ಶೇ 20ರಿಂದ 60ಕ್ಕೆ ಏರಿಸಿದ್ದು ಈ ಹವ್ಯಾಸದವರಿಗೆಲ್ಲ ಚೆನ್ನಾಗಿ ನೆನಪಿದೆ. ದರ ಬದಲಾಗುತ್ತಿರುತ್ತದೆ, ಆರ್ಡರ್ ಮಾಡುವ ದಿನ ಎಷ್ಟಿದೆ ನೋಡಿಕೊಳ್ಳಿ. ಮಾಡೆಲ್ ಬೆಲೆಗೆ ಮಾತ್ರವಲ್ಲ, ಕೊರಿಯರ್ ಖರ್ಚು ಸೇರಿಸಿ ಸುಂಕ ಲೆಕ್ಕ ಹಾಕುತ್ತಾರೆ. ಮೊದಲು ನಮ್ಮ ದೇಶದಲ್ಲೇ ಯಾರ ಹತ್ತಿರವಾದರೂ ಇದೆಯಾ ವಿಚಾರಿಸುವುದು ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಕೊಳ್ಳಬಹುದೇ? ಏನು ನೋಡಬೇಕು?

ಧಾರಾಳವಾಗಿ. ಡೈಕಾಸ್ಟ್ ಆದರೆ ಮೈಮೇಲೆ ಸಣ್ಣ ಬಿರುಕು, ಗುಳ್ಳೆ, ಬಾಗಿದ ರೆಕ್ಕೆ ಇದೆಯಾ ನೋಡಿ. ಎರಕ ಹೊಯ್ಯುವಾಗ ಸತುವಿನಲ್ಲಿ ಸೀಸದ ಕಲಬೆರಕೆ ಆಗಿದ್ದರೆ ವರ್ಷಗಳ ಮೇಲೆ ಲೋಹ ಒಳಗಿಂದಲೇ ಉಬ್ಬಿ ಪುಡಿಯಾಗುತ್ತದೆ. ಇದಕ್ಕೆ ಮದ್ದಿಲ್ಲ. ಕಿಟ್ ಆದರೆ ಕಾಕ್‌ಪಿಟ್ ಗಾಜಿನ ಒಳಗೆ ಬಿಳಿ ಮಂಜು ಇದೆಯಾ ನೋಡಿ. ಸೂಪರ್ ಗ್ಲೂ ಹಾಕಿದ್ದರ ಗುರುತು ಅದು. ಡೆಕಾಲ್ ಹಳದಿಯಾಗಿದೆಯಾ ನೋಡಿ. ತೋಕೆ ಕೊಕ್ಕೆ ಇದೆಯಾ ನೋಡಿ, ಹಡಗಿನ ಮೇಲೆ ಇಳಿಯುವಾಗ ಹಗ್ಗಕ್ಕೆ ಸಿಕ್ಕಿಸುವ ಕೊಕ್ಕೆ ಅದು. ಕಳೆದುಹೋಗುವುದರಲ್ಲಿ ಅದೇ ಮೊದಲು.

ಕೊಕ್ಕೆಯೇ ಇಲ್ಲ, ಹಿಂಚಕ್ರ ದಪ್ಪಗಿದೆ ಅಂದರೆ ಗಡಿಬಿಡಿ ಮಾಡಬೇಡಿ. ಅದು ಭೂಸೇನೆಯ ಎ-24 ಬ್ಯಾನ್‌ಶೀ ಇರಬಹುದು. ಇದೇ ವಿಮಾನದ ಅಣ್ಣತಮ್ಮ.

ಧೂಳು ಒರೆಸುವುದು ಹೇಗೆ?

ಬಟ್ಟೆ ಮುಟ್ಟಿಸಬೇಡಿ. ದೀಪಾವಳಿ ಕ್ಲೀನಿಂಗ್ ಹೊತ್ತಿಗೆ ನಮ್ಮತ್ತೆ ಪಾಪ ಒಳ್ಳೆ ಮನಸ್ಸಿನಿಂದ ಒದ್ದೆ ಬಟ್ಟೆ ಹಿಡಿದು ಒರೆಸಿದರು. ‘ಇದೇನೋ ಕಸ ಅಂಟಿಕೊಂಡಿತ್ತು ಕಣಪ್ಪ, ತೆಗೆದುಹಾಕಿದೆ’ ಅಂದರು. ಅದು ರೆಕ್ಕೆ ತುದಿಯ ಪಿಟೋ ಕೊಳವೆ, ಅಂದರೆ ವಿಮಾನದ ವೇಗ ಅಳೆಯುವ ಸೂಜಿ.

ಮುಖಕ್ಕೆ ಪೌಡರ್ ಹಚ್ಚುವ ಮೆತ್ತನೆ ಬ್ರಷ್ ಹೊಸದೊಂದು ತನ್ನಿ. ಮೂಗಿನಿಂದ ಬಾಲದ ಕಡೆಗೆ ಸವರಿ, ಅಡ್ಡಡ್ಡ ಬೇಡ. ಅಡುಗೆಮನೆ ಒಗ್ಗರಣೆಯ ಜಿಡ್ಡು, ಊದುಬತ್ತಿ ಹೊಗೆ ಎರಡೂ ಮಾಡೆಲ್‌ಗೆ ಶತ್ರು. ದೇವರ ಗೂಡಿನ ಪಕ್ಕದಲ್ಲಿ ಇಡಬೇಡಿ. ಬಿಸಿಲು ಬಿದ್ದರೆ ಡೆಕಾಲ್ ಹಳದಿಯಾಗುತ್ತದೆ. ಮಂಗಳೂರು, ಕಾರವಾರದ ಕಡೆಯವರು ಮಳೆಗಾಲದಲ್ಲಿ ಗಾಜಿನ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಲೇಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ.

ನಿಜವಾದ ಡಾಂಟ್‌ಲೆಸ್ ಈಗ ಉಳಿದಿವೆಯೇ?

ಉಳಿದಿವೆ. ಅದರಲ್ಲಿ ಹಲವು ಸಿಕ್ಕಿದ್ದು ಅಮೆರಿಕದ ಮಿಷಿಗನ್ ಸರೋವರದ ತಳದಲ್ಲಿ. ಯುದ್ಧದ ಕಾಲದಲ್ಲಿ ಎರಡು ಹಳೇ ಪ್ರಯಾಣಿಕರ ಹಡಗುಗಳನ್ನು ವುಲ್ವರಿನ್, ಸೇಬಲ್ ಎಂಬ ತರಬೇತಿ ವಿಮಾನವಾಹಕಗಳಾಗಿ ಮಾರ್ಪಡಿಸಿ ಹೊಸ ಪೈಲಟ್‌ಗಳಿಗೆ ಅಲ್ಲಿ ಇಳಿಯುವುದನ್ನು ಕಲಿಸುತ್ತಿದ್ದರು. ಕಲಿಯುವವರು ಬೀಳುತ್ತಾರೆ. ವಿಮಾನ ಮುಳುಗುತ್ತದೆ. ಸಿಹಿನೀರು, ಅದೂ ಕೊರೆಯುವ ತಣ್ಣನೆ ನೀರು, ಹಾಗಾಗಿ ಅಷ್ಟಾಗಿ ತುಕ್ಕು ಹಿಡಿಯಲಿಲ್ಲ.

ಅವುಗಳಲ್ಲಿ 2106 ನಂಬರಿನ ಎಸ್‌ಬಿಡಿ-2 ಬಹಳ ದೊಡ್ಡದು, ಗಾತ್ರದಲ್ಲಲ್ಲ. ಮಿಡ್‌ವೇ ಯುದ್ಧದ ದಿನ ದ್ವೀಪದಿಂದ ಹಾರಿ ಹಿರ್ಯು ಮೇಲೆ ದಾಳಿ ಮಾಡಿ ವಾಪಸ್ ಬಂದಾಗ ಮೈಮೇಲೆ 219 ತೂತು ಎಣಿಸಿದರು. ಒಂದೇ ಚಕ್ರದ ಮೇಲೆ ಇಳಿಯಿತು. ಪೈಲಟ್ ಡ್ಯಾನಿಯಲ್ ಐವರ್‌ಸನ್‌ರ ಕುತ್ತಿಗೆಯ ಮೈಕಿನ ವೈರನ್ನು ಗುಂಡು ಕತ್ತರಿಸಿತ್ತು, ಕುತ್ತಿಗೆಗೆ ಏನೂ ಆಗಿರಲಿಲ್ಲ. ಇಷ್ಟೆಲ್ಲ ದಾಟಿ ಬಂದ ವಿಮಾನ 1943ರಲ್ಲಿ ತರಬೇತಿಯಲ್ಲಿ ಸರೋವರಕ್ಕೆ ಬಿತ್ತು! ಐವತ್ತು ವರ್ಷ ನೀರಿನಡಿ ಇದ್ದು 1990ರ ದಶಕದಲ್ಲಿ ಮೇಲೆ ಬಂತು. ಇದರ ಮಾಡೆಲ್ ಮಾಡುವವರು ಗುಂಡಿನ ತೂತುಗಳನ್ನೂ ಕೊರೆಯುತ್ತಾರೆ. ರೆಕ್ಕೆಯ ತೂತು ನೋಡಿ ಗುಂಡು ತಗುಲಿದ್ದಾ ಎಂದು ಕೇಳುವವರಿಗೆ ಇದೊಂದರಲ್ಲಿ ಮಾತ್ರ ‘ಹೌದು, ಕೆಲವು’ ಅನ್ನಬಹುದು.

ಡೈವ್ ಬಾಂಬರ್‌ಗಳು ಭಾರತದಲ್ಲಿ ಇದ್ದವೇ?

ಇದ್ದವು, ಆದರೆ ನೌಕಾಪಡೆಯದಲ್ಲ. ಭಾರತೀಯ ವಾಯುಪಡೆಯ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಬರ್ಮಾ ಕಡೆಯ ಯುದ್ಧದಲ್ಲಿ ವಲ್ಟೀ ವೆಂಜೆನ್ಸ್ ಎಂಬ ಅಮೆರಿಕನ್ ಡೈವ್ ಬಾಂಬರ್ ಹಾರಿಸಿದವು. ಅದರ ಡೈವ್ ಇನ್ನೂ ಕಡಿದು, ಹೆಚ್ಚುಕಡಿಮೆ ನೆಟ್ಟಗೆ. ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಆ ಕಾಲದಲ್ಲಿ ಅಮೆರಿಕನ್ ಸೇನೆಯ ವಿಮಾನಗಳ ರಿಪೇರಿಗೆ ಮೀಸಲಾಗಿತ್ತು. ಡಾಂಟ್‌ಲೆಸ್ ಪಕ್ಕ ಒಂದು ವೆಂಜೆನ್ಸ್ ನಿಲ್ಲಿಸಬೇಕು ಅಂತ ನನಗೂ ಆಸೆ ಇದೆ.

ಯುದ್ಧದ ವಿಮಾನ ಮನೆಯಲ್ಲಿ ಯಾಕೆ ಇಡುತ್ತೀರಿ?

ನ್ಯಾಯವಾದ ಪ್ರಶ್ನೆ. ಮಿಡ್‌ವೇಯಲ್ಲಿ 3,000ಕ್ಕೂ ಹೆಚ್ಚು ಜಪಾನೀಯರು ಸತ್ತರು. ಎಂಟರ್‌ಪ್ರೈಸ್‌ನ ಒಂದು ಡಾಂಟ್‌ಲೆಸ್ ಇಂಧನ ಮುಗಿದು ಸಮುದ್ರಕ್ಕೆ ಇಳಿಯಿತು. ಅದರ ಪೈಲಟ್ ಫ್ರಾಂಕ್ ಓ’ಫ್ಲಾಹರ್ಟಿ, ಹಿಂದಿನ ಸೀಟಿನ ಬ್ರೂನೊ ಗೈಡೊ ಇಬ್ಬರನ್ನೂ ಜಪಾನಿ ಡೆಸ್ಟ್ರಾಯರ್ ಎತ್ತಿಕೊಂಡಿತು. ವಿಚಾರಣೆ ಮಾಡಿ, ಭಾರ ಕಟ್ಟಿ ಮತ್ತೆ ಸಮುದ್ರಕ್ಕೇ ಎಸೆದರು. ಇದು ಗೊತ್ತಿದ್ದೂ ಇಟ್ಟುಕೊಂಡಿದ್ದೇನೆ, ಗೊತ್ತಿರುವುದರಿಂದಲೇ ಇಟ್ಟುಕೊಂಡಿದ್ದೇನೆ ಅನ್ನಿ. ದಿನ ಕೇಳಿ ಎಂದು ಮೇಲೆ ಹೇಳಿದ್ದೂ ಇದಕ್ಕೇ. ದಿನ ಇಲ್ಲದಿದ್ದರೆ ಅದು ಬರೀ ಗೊಂಬೆ.

ಮುಂದೆ ಬೆಲೆ ಏರುತ್ತದೆಯೇ?

ಲಾಭಕ್ಕಾಗಿ ಕೊಳ್ಳಬೇಡಿ. ಡಬ್ಬಿ, ಒಳಗಿನ ಥರ್ಮೋಕೋಲ್, ನಂಬರ್ ಹಾಕಿದ ಕಾರ್ಡು ಮಾತ್ರ ಎಸೆಯಬೇಡಿ. ಮಾರುವ ದಿನ ಬಂದರೆ ಡಬ್ಬಿ ಇದೆಯಾ ಅಂತಲೇ ಮೊದಲು ಕೇಳುತ್ತಾರೆ.

ಆಂಟೆನಾ ತಂತಿ ಕಿತ್ತುಹೋಗಿದೆ. ಏನು ಮಾಡಲಿ?

ಕಿಟ್‌ನಲ್ಲಿ ಉಳಿದ ಪ್ಲಾಸ್ಟಿಕ್ ಚೌಕಟ್ಟಿನ ಕಡ್ಡಿ ಒಂದು ತಗೊಳ್ಳಿ. ಮೇಣದಬತ್ತಿಯ ಉರಿಗಿಂತ ಒಂದಿಂಚು ಮೇಲೆ ಹಿಡಿದು ತಿರುಗಿಸುತ್ತಾ ಕಾಯಿಸಿ. ಮೆತ್ತಗಾಗಿ ಹೊಳೆಯತೊಡಗಿದಾಗ ಉರಿಯಿಂದ ಆಚೆ ತಂದು ಎರಡೂ ತುದಿ ನಿಧಾನವಾಗಿ ಎಳೆಯಿರಿ. ಬೆಲ್ಲದ ಪಾಕ ಎಳೆ ಬಂದ ಹಾಗೆ ಕೂದಲೆಳೆಯ ತಂತಿ ಬರುತ್ತದೆ. ಬೇಕಾದಷ್ಟು ಕತ್ತರಿಸಿ, ಸೂಜಿ ಮೊನೆಯಷ್ಟು ಅಂಟು ಮುಟ್ಟಿಸಿ ಕಂಬದಿಂದ ಬಾಲಕ್ಕೆ ಕಟ್ಟಿ. ಆ ಹೊತ್ತು ಫ್ಯಾನ್ ಆಫ್ ಇರಲಿ. ಕಿಟಕಿ ಮಾತ್ರ ತೆರೆದಿಡಿ, ಕಾದ ಪ್ಲಾಸ್ಟಿಕ್ಕಿನ ಹೊಗೆ ಒಳ್ಳೆಯದಲ್ಲ.